ಓದಲು ತಡವರಿಸುವ ಮಕ್ಕಳು: ಶಿಕ್ಷಕರ ಡಿಸ್ಲೆಕ್ಸಿಯಾ ತರಬೇತಿಯಲ್ಲಿ ಏನಿರಬೇಕು, ಏನನ್ನು ಕೈಬಿಡಬೇಕು?

ಸಿಆರ್‌ಪಿ_ತುಮಕೂರು
ಎಲ್ಲರಿಗೂ ನಮಸ್ಕಾರ. 1ರಿಂದ 5ನೇ ತರಗತಿಗೆ ಕನ್ನಡ ಕಲಿಸುವ 28 ಶಿಕ್ಷಕರಿಗೆ ಎರಡು ದಿನದ ತರಬೇತಿಯ ಕರಡು ಹೀಗಿದೆ. ಮೊದಲ ದಿನ ಬೆಳಿಗ್ಗೆ ಡಿಸ್ಲೆಕ್ಸಿಯಾ ಇತಿಹಾಸ, ಮಿದುಳಿನ ಚಿತ್ರಗಳು. ಮಧ್ಯಾಹ್ನ ಹಿಂದಿ ಸಿನಿಮಾ ಪ್ರದರ್ಶನ. ಎರಡನೇ ದಿನ ಕನ್ನಡಿ ನೋಡಿಕೊಂಡು ಬರೆಯುವ ಚಟುವಟಿಕೆ, ಆಮೇಲೆ 40 ಅಂಶಗಳ ಚೆಕ್‌ಲಿಸ್ಟ್ ತುಂಬುವುದು, ಕೊನೆಗೆ ಪ್ರಶ್ನೋತ್ತರ. ತರಬೇತಿ ಮುಗಿದ ಮೇಲೆ ಪ್ರತಿ ಶಾಲೆಯಿಂದ ಶಂಕಿತ ಮಕ್ಕಳ ಪಟ್ಟಿ ಬರಬೇಕು. ಯಾವುದನ್ನು ತೆಗೆಯಲಿ, ಯಾವುದನ್ನು ಸೇರಿಸಲಿ? ಮುಲಾಜಿಲ್ಲದೆ ಹೇಳಿ.

ಕಾಗುಣಿತ
ಮುಲಾಜಿಲ್ಲದೆ ಹೇಳುವುದಾದರೆ ಚಹಾ ವಿರಾಮ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತೆಗೆಯಿರಿ ಸರ್.

ಇತಿಹಾಸಕ್ಕೆ ಐದು ನಿಮಿಷ ಸಾಕು. 1887ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ ಈ ಹೆಸರನ್ನು ಬಳಕೆಗೆ ತಂದರು. ಕಣ್ಣಿನ ವೈದ್ಯರ ಕೈಯಲ್ಲಿ ಹುಟ್ಟಿದ ಹೆಸರಾದ್ದರಿಂದಲೋ ಏನೋ, "ಅಕ್ಷರ ತಿರುಗಿ ಕಾಣುತ್ತದೆ" ಅನ್ನುವ ನಂಬಿಕೆ ಇವತ್ತಿಗೂ ಹೋಗಿಲ್ಲ. ಕನ್ನಡಿ ಬರವಣಿಗೆಯ ಆಟ ಅದೇ ತಪ್ಪು ತಿಳಿವಳಿಕೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಡಿಸ್ಲೆಕ್ಸಿಯಾ ಕಣ್ಣಿನ ತೊಂದರೆ ಅಲ್ಲ. ಮಾತಿನ ಸದ್ದುಗಳನ್ನು ಬಿಡಿಸಿ ಹಿಡಿಯುವುದು, ಅವನ್ನು ಅಕ್ಷರಕ್ಕೆ ಜೋಡಿಸುವುದು, ಆ ಜೋಡಣೆಯನ್ನು ಥಟ್ಟನೆ ನೆನಪಿಗೆ ತರುವುದು, ಈ ಮೂರರಲ್ಲಿ ಆಗುವ ತೊಡಕು.

ಎರಡನೆಯ ವಿಷಯ: ಚೆಕ್‌ಲಿಸ್ಟ್ ಬಹುಪಾಲು ಇಂಗ್ಲಿಷಿನಿಂದ ಎತ್ತಿಕೊಂಡದ್ದಾಗಿರುತ್ತದೆ. ಇಂಗ್ಲಿಷಿನ ಬಿ, ಡಿ ಅದಲುಬದಲು ಮಾಡುತ್ತದೆಯೇ ಎಂದು ಕೇಳುತ್ತದೆ. ಕನ್ನಡದಲ್ಲಿ ಎಡಬಲ ತಿರುಗಿಸಿದರೆ ಇನ್ನೊಂದು ಅಕ್ಷರವಾಗುವ ಅಂಥ ಜೋಡಿಯೇ ಇಲ್ಲ. ಇಂಗ್ಲಿಷಿನಲ್ಲೂ ಆರೇಳು ವರ್ಷದವರೆಗೆ ಆ ಗೊಂದಲ ಎಲ್ಲ ಮಕ್ಕಳಿಗೂ ಸಾಮಾನ್ಯ. ನಮ್ಮಲ್ಲಿ ಗೊಂದಲ ಆಗುವ ಕಡೆಗಳು ಬೇರೆ: ದ–ಧ, ಬ–ಭ, ಪ–ಫ ಜೋಡಿಗಳಲ್ಲಿ ಕೆಳಗಿನ ಸಣ್ಣ ಗೀಟು, ಪ–ಷ ನಡುವಿನ ಅಡ್ಡಗೆರೆ, ರ–ಠ ನಡುವಿನ ಚುಕ್ಕೆ, ಮ–ವು. ಇವು ಕೂಡ ಎರಡನೇ ತರಗತಿಯಲ್ಲಿ ಯಾರಿಗೆ ಬೇಕಾದರೂ ಆಗುತ್ತವೆ, ಇಷ್ಟರಿಂದಲೇ ಏನನ್ನೂ ತೀರ್ಮಾನಿಸಲಾಗದು.

ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಹಾಗಾಗಿ ಡಿಸ್ಲೆಕ್ಸಿಯಾ ಇರುವ ಮಗುವೂ ನಾಲ್ಕನೇ ತರಗತಿಯ ಹೊತ್ತಿಗೆ ಹೇಗೋ ಸರಿಯಾಗಿ ಓದಿಬಿಡಬಹುದು. ಓದುವುದು ಮಾತ್ರ ನಿಧಾನ. ಒಂದೊಂದೇ ಅಕ್ಷರ ಎಣಿಸಿದಂತೆ ಓದುತ್ತದೆ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲು ಓದಿದ್ದು ಮರೆತಿರುತ್ತದೆ. ತಪ್ಪುಗಳನ್ನು ಮಾತ್ರ ಎಣಿಸುವ ಶಿಕ್ಷಕರ ಕಣ್ಣಿಗೆ ಈ ಮಗು ಬೀಳುವುದೇ ಇಲ್ಲ. ವೇಗ ಅಳೆಯುವುದನ್ನು ಕಲಿಸದ ತರಬೇತಿ ಕನ್ನಡ ಶಿಕ್ಷಕರಿಗೆ ಪ್ರಯೋಜನವಿಲ್ಲ.

ಬೀದರ್_ಮಾಸ್ತರ
ಮೇಡಮ್ಮೋರೆ, ಮಾತು ಖರೆ. ಆದರ ಒಂದು ಕ್ಲಾಸಿನ್ಯಾಗ 40 ಹುಡುಗರು ಇರ್ತಾರ. ಚೆಕ್‌ಲಿಸ್ಟ್ ತೆಗೀರಿ ಅಂದ್ರ ಒಬ್ಬೊಬ್ಬರನ್ನ ಕೂಡ್ರಿಸಿ ಓದಿಸಾಕ ಟೈಮ್ ಎಲ್ಲೈತ್ರಿ? ಚೆಕ್‌ಲಿಸ್ಟ್ ಕೆಟ್ಟದ್ದು ಅಂತ ಯಾಕ ಅಂತೀರಿ, ಅದನ್ನೂ ಹೇಳ್ರಿ.

ಕಾಗುಣಿತ
"ಗಮನ ಕೊಡುವುದಿಲ್ಲ", "ಅಕ್ಷರ ಅಂದವಾಗಿಲ್ಲ", "ಮನೆಗೆಲಸ ಮುಗಿಸುವುದಿಲ್ಲ" ಇವು ಓದಿನ ಲಕ್ಷಣಗಳೇ ಅಲ್ಲ ಮಾಸ್ತರೆ. ಶಿಕ್ಷಕರಿಗೆ ಒಂದು ಮಗು ದಡ್ಡ ಅಂತ ಮನಸ್ಸಿನಲ್ಲಿ ಕೂತಿದ್ದರೆ 40ಕ್ಕೆ 35 ಟಿಕ್ ಬೀಳುತ್ತವೆ. ಗಲಾಟೆ ಮಾಡುವ ಹುಡುಗರೆಲ್ಲ ಪಟ್ಟಿಯಲ್ಲಿ ಬರುತ್ತಾರೆ, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ಪಕ್ಕದವಳ ಪುಸ್ತಕ ನೋಡಿ ಬರೆಯುವ ಹುಡುಗಿ ತಪ್ಪಿಹೋಗುತ್ತಾಳೆ. ಮಕ್ಕಳ ವೈಕಲ್ಯದ ಪ್ರಾಥಮಿಕ ಶೋಧನೆಗೆ ಎನ್‌ಸಿಇಆರ್‌ಟಿಯ ಪ್ರಶಸ್ತ್ ಆ್ಯಪ್ ಇದೆ, ಇಲಾಖೆ ಕೇಳಿದರೆ ಅದನ್ನು ತುಂಬಲೇಬೇಕು. ಆದರೆ ಓದಿಸಿ ನೋಡಿದ ಮೇಲೆ ತುಂಬಿ, ಮೊದಲೇ ಅಲ್ಲ.

ಸಮಯದ ವಿಷಯಕ್ಕೆ ಬಂದರೆ ಎರಡು ಹಂತ ಮಾಡಿ. ಮೊದಲು ಇಡೀ ತರಗತಿಗೆ ಒಟ್ಟಿಗೆ ಉಕ್ತಲೇಖನ, 20 ನಿಮಿಷ. 3ನೇ ತರಗತಿಗೆ ಈ 12 ಪದ ಸಾಕು: ಮರ, ಬಾಳೆ, ಕತೆ, ಹಾಲು, ಪುಸ್ತಕ, ಕೊಡೆ, ಬಳೆ, ಸೂರ್ಯ, ಹಣ್ಣು, ಪ್ರೀತಿ, ಕತ್ತೆ, ಚಂದ್ರ. ಪದ ಹೇಳಿ, ವಾಕ್ಯದಲ್ಲಿ ಬಳಸಿ, ಮತ್ತೆ ಪದ ಹೇಳಿ. ಬಳೆ–ಬಾಳೆ, ಕತೆ–ಕತ್ತೆ ದೂರ ದೂರ ಇಟ್ಟಿರುವುದು ಬೇಕೆಂದೇ, ಅಕ್ಕಪಕ್ಕ ಬಂದರೆ ಮಕ್ಕಳು ಊಹಿಸಿಬಿಡುತ್ತಾರೆ. ಕಡೆಯಲ್ಲಿ ಉಳಿಯುವ ಎಂಟು ಮಕ್ಕಳನ್ನು ಮಾತ್ರ ಒಬ್ಬೊಬ್ಬರಾಗಿ ಓದಿಸಿ. ಜೊತೆಗೆ ಬರವಣಿಗೆ ಪರವಾಗಿಲ್ಲ ಆದರೆ ಓದು ತೀರಾ ನಿಧಾನ ಅನ್ನಿಸುವ ಒಬ್ಬಿಬ್ಬರು. ದಿನಕ್ಕೆ ಇಬ್ಬರಂತೆ ಒಂದು ವಾರದಲ್ಲಿ ಮುಗಿಯುತ್ತದೆ.

ವಾಕ್_ಭಾಷೆ
ಒಬ್ಬೊಬ್ಬರನ್ನೇ ಓದಿಸುವಾಗ ಕೈಯಲ್ಲಿ ಇರಬೇಕಾದ ಹಾಳೆಯ ಬಗ್ಗೆ ಹೇಳುತ್ತೇನೆ. ಮಗುವಿಗೆ ಒಂದು ಪ್ರತಿ, ಗುರುತು ಹಾಕಲು ಶಿಕ್ಷಕರಿಗೆ ಇನ್ನೊಂದು, ಫೋನಿನ ಸ್ಟಾಪ್‌ವಾಚ್. ಒಂದು ಮಗುವಿಗೆ 20ರಿಂದ 25 ನಿಮಿಷ.

ಮೊದಲು ಮೂಲಾಕ್ಷರ 30. ವರ್ಣಮಾಲೆಯ ಸಾಲಿನಲ್ಲೂ ಬೇಡ, ಒಂದನೇ ತರಗತಿಯ ರ ಗ ಸ ದ ಅ ಸಾಲಿನಲ್ಲೂ ಬೇಡ. ಎರಡೂ ಮಕ್ಕಳಿಗೆ ಹಾಡಿನಂತೆ ಬಾಯಿಗೆ ಬಂದಿರುತ್ತವೆ. ಕಲಸಿ ಕೊಡಿ.

ಆಮೇಲೆ ಗುಣಿತಾಕ್ಷರ 20, ಒತ್ತಕ್ಷರದ ಪದ 15. ಒತ್ತಿನಲ್ಲಿ ಅರ್ಧ ಸಜಾತೀಯ, ಅಂದರೆ ಅಕ್ಕ, ಹಳ್ಳಿ, ಬೆಟ್ಟ. ಉಳಿದರ್ಧ ವಿಜಾತೀಯ: ಪುಸ್ತಕ, ರಾತ್ರಿ, ಭಕ್ತಿ. ಎರಡನ್ನೂ ಬೇರೆ ಬೇರೆ ಎಣಿಸಿ. ಸಜಾತೀಯ ಬಂದು ವಿಜಾತೀಯ ಬಾರದಿದ್ದರೆ ಅದು ಹೆಚ್ಚಾಗಿ ಇನ್ನೂ ಕಲಿಯುತ್ತಿರುವ ಮಗು.

ನಂತರ ಅರ್ಥವಿಲ್ಲದ ಪದ 20. ಇಡೀ ಹಾಳೆಯಲ್ಲಿ ಇದೇ ಮುಖ್ಯ. ಗದಸ, ಸಗರ, ಮಾಬಿ ಇಂಥ ಸುಲಭದವುಗಳಿಂದ ಶುರುಮಾಡಿ ರಾಬೆತ, ದುಸೋಳ, ಟಗ್ನೀಮ ಕಡೆಗೆ ಹೋಗಬೇಕು. ಪುಸ್ತಕದ ಪದಗಳನ್ನು ಮಗು ಆಕಾರ ನೋಡಿ ಗುರುತಿಸಿರಬಹುದು, ಚಿತ್ರ ನೋಡಿ ಊಹಿಸಿರಬಹುದು. "ದುಸೋಳ"ವನ್ನು ಊಹಿಸಲು ಬರುವುದಿಲ್ಲ, ಬಿಡಿಸಿ ಓದಲೇಬೇಕು.

ನಾಲ್ಕನೆಯದು ಮಗು ಎಂದೂ ನೋಡಿರದ 60–70 ಪದಗಳ ಗದ್ಯ. ಒಂದು ನಿಮಿಷ ಓದಿಸಿ. ಪಠ್ಯಪುಸ್ತಕದ ಪಾಠ ಖಂಡಿತ ಬೇಡ. ಪುಟ ತಲೆಕೆಳಗಾಗಿ ಹಿಡಿದರೂ ಸರಾಗವಾಗಿ "ಓದುವ" ಮಕ್ಕಳಿದ್ದಾರೆ, ಕಿವಿಯಲ್ಲಿ ಕೇಳಿ ಕೇಳಿ ಬಾಯಿಪಾಠ ಆಗಿರುತ್ತದೆ. ಅನುಮಾನ ಬಂದರೆ ಸಾಲಿನ ಕೊನೆಯ ಪದದಿಂದ ಹಿಂದಕ್ಕೆ ಓದಿಸಿ, ತಕ್ಷಣ ಗೊತ್ತಾಗುತ್ತದೆ.

ವೇಗವನ್ನು ನಿಮಿಷಕ್ಕೆ ಇಷ್ಟು ಪದ ಎಂದು ಅಳೆಯಬೇಡಿ. ಇಂಗ್ಲಿಷಿನ ಕೋಷ್ಟಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. "ಮಾಡಿಕೊಳ್ಳಬೇಕಾಗಿದ್ದರಿಂದ" ಒಂದೇ ಪದ, ಅಕ್ಷರ ಹತ್ತು. "ಮರ" ಕೂಡ ಒಂದು ಪದವೇ. ನಿಮಿಷಕ್ಕೆ ಎಷ್ಟು ಅಕ್ಷರ ಸರಿಯಾಗಿ ಓದಿತು ಎಂದು ಎಣಿಸಿ. ಗದ್ಯದ ಪ್ರತಿ ಸಾಲಿನ ಕೊನೆಗೆ ಅಕ್ಷರಗಳ ಮೊತ್ತ ಮೊದಲೇ ಬರೆದಿಟ್ಟುಕೊಂಡರೆ ಎಣಿಕೆ ಸುಲಭ. ಅದೇ ತರಗತಿಯ, ಸಾಧಾರಣವಾಗಿ ಓದುವ ಹತ್ತು ಮಕ್ಕಳಿಗೂ ಅದೇ ಗದ್ಯ ಓದಿಸಿ. ಅವರ ಅಂಕಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಅಂಕವೇ ನಿಮ್ಮ ಅಳತೆಗೋಲು. ಅದರ ಅರ್ಧಕ್ಕಿಂತ ಕೆಳಗಿದ್ದರೆ ಗಮನಿಸಬೇಕಾದ ಮಗು. ಇದು ಕೆಲಸಕ್ಕೆ ಸಾಕಾಗುವ ಗೆರೆ ಮಾತ್ರ, ರೋಗನಿರ್ಣಯದ ಗೆರೆ ಅಲ್ಲ.

ಕೊನೆಗೆ ಶಿಕ್ಷಕರು ಇನ್ನೊಂದು ಸಣ್ಣ ಕತೆ ಓದಿ ಹೇಳಿ ಐದು ಪ್ರಶ್ನೆ ಕೇಳಬೇಕು. ಇದನ್ನು ಬಿಟ್ಟರೆ ಉಳಿದದ್ದಕ್ಕೆಲ್ಲ ಅರ್ಥವೇ ಇರುವುದಿಲ್ಲ. ಗಫ್ ಮತ್ತು ಟನ್ಮರ್ 1986ರಲ್ಲಿ ಹೇಳಿದ ಸರಳ ಲೆಕ್ಕ ಇದು: ಓದಿ ತಿಳಿಯುವುದು ಅಂದರೆ ಅಕ್ಷರ ಬಿಡಿಸುವ ಶಕ್ತಿ, ಕೇಳಿ ತಿಳಿಯುವ ಶಕ್ತಿ ಇವೆರಡರ ಗುಣಾಕಾರ. ಕೇಳಿದ ಕತೆಗೆ ಐದಕ್ಕೆ ಐದು ಉತ್ತರ ಕೊಟ್ಟು ಓದುವಾಗ ಮಾತ್ರ ತಡವರಿಸುವ ಮಗುವಿನಲ್ಲಿ ಡಿಸ್ಲೆಕ್ಸಿಯಾ ಅನುಮಾನ ಬಲವಾಗುತ್ತದೆ. ಗಡಗಡ ಓದಿ ಏನೂ ಅರ್ಥವಾಗದ ಮಗುವಿನ ತೊಂದರೆ ಭಾಷೆಯಲ್ಲಿದೆ. ಎರಡೂ ಕಡಿಮೆ ಇದ್ದರೆ ಕಿವಿ, ಮನೆಮಾತು, ಹಾಜರಾತಿ, ಬುದ್ಧಿ ಬೆಳವಣಿಗೆ ಎಲ್ಲವನ್ನೂ ನೋಡಬೇಕು.

ಬೀದರ್_ಮಾಸ್ತರ
"ಸಗರ" ಅರ್ಥ ಇಲ್ಲದ ಪದ ಅಲ್ರಿ! ಪುರಾಣದಾಗ ಸಗರ ಚಕ್ರವರ್ತಿ ಅದಾನ, ನಮ್ಮ ಕಡೆ ಸುರಪುರ–ಶಹಾಪುರ ಸೀಮೆಗೆ ಸಗರನಾಡು ಅಂತಲೇ ಹೆಸರು. ಆ ಕಡೆ ಹುಡುಗರು ಫಟ್ ಅಂತ ಓದಿಬಿಡ್ತಾರ.

ವಾಕ್_ಭಾಷೆ
ಒಪ್ಪಿದೆ, ಹೊಡೆದು ಹಾಕಿ. ಅದಕ್ಕೇ ಪದಗಳ ಪಟ್ಟಿಯನ್ನು ಆಯಾ ಊರಿನ ಇಬ್ಬರಿಗೆ ತೋರಿಸಿಕೊಳ್ಳಬೇಕು. ಒಂದು ಕಡೆ ಅರ್ಥವಿಲ್ಲದ್ದು ಇನ್ನೊಂದು ಕಡೆ ಊರ ಹೆಸರು, ಇಲ್ಲವೇ ಬೈಗುಳ.

ನಲಿಕಲಿ_ಟೀಚರ್
ತಪ್ಪುಗಳನ್ನು ವಿಂಗಡಿಸುವುದನ್ನು ಕಲಿಸದಿದ್ದರೆ ಹಾಳೆ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಉಕ್ತಲೇಖನದಲ್ಲಿ "ಹಾಲು" ಅಂದರೆ "ಆಲು" ಎಂದು ಬರೆದ ಮಗುವನ್ನು ಪಟ್ಟಿಗೆ ಸೇರಿಸುವವರಿದ್ದಾರೆ. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಆಡುವುದೇ "ಆಲು". ಮಗು ಕೇಳಿದ್ದನ್ನು ಸರಿಯಾಗಿಯೇ ಬರೆದಿದೆ, ಅದರ ಕಿವಿ–ಕೈ ಸಂಬಂಧ ಚೆನ್ನಾಗಿದೆ ಅಂತಲೇ ಅರ್ಥ. ಶ–ಷ–ಸ, ಣ–ನ, ಳ–ಲ, ಮಹಾಪ್ರಾಣ ಬಿಡುವುದು ಇವೂ ಹಾಗೆಯೇ. ಮಾತಿನಲ್ಲಿ ಇಲ್ಲದ ವ್ಯತ್ಯಾಸ ಬರಹದಲ್ಲಿ ತಡವಾಗಿ ಬರುತ್ತದೆ. ಇವನ್ನು "ಆಡುನುಡಿ" ಎಂದು ಪ್ರತ್ಯೇಕ ಕಾಲಮ್ಮಿಗೆ ಹಾಕಿ, ಅಂಕಕ್ಕೆ ಸೇರಿಸಬೇಡಿ.

ಮಗುವಿನ ಬಾಯಲ್ಲೇ ಸ್ಪಷ್ಟವಾಗಿ ಇದ್ದೂ ಬರಹದಲ್ಲಿ ಬಿಟ್ಟುಹೋಗುವ ವ್ಯತ್ಯಾಸ ಬಂದಾಗ ಎಚ್ಚರಗೊಳ್ಳಿ. "ಬಳೆ" "ಬಾಳೆ" ಎರಡನ್ನೂ ಸರಿಯಾಗಿ ಆಡುವ ಮಗು ಬರೆಯುವಾಗ ಎರಡನ್ನೂ "ಬಳೆ" ಎಂದೇ ಬರೆಯುವುದು. ಕತ್ತೆ ಅಂದರೆ "ಕತೆ". ಪುಸ್ತಕ ಅಂದರೆ ಒಮ್ಮೆ "ಪುತಕ", ಇನ್ನೊಮ್ಮೆ "ಪುತ್ಸಕ". ಕಮಲ ಅಂದರೆ "ಕಲಮ". ಒಂದೇ ಪದ ಒಂದೇ ಪುಟದಲ್ಲಿ ಮೂರು ಬಗೆಯಲ್ಲಿ ತಪ್ಪಾಗುವುದು. ಒಂದೇ ತಪ್ಪು ಪ್ರತಿ ಸಲ ಬರುತ್ತಿದ್ದರೆ ಅದು ಹೆಚ್ಚಾಗಿ ಕಲಿಸಿದ್ದರ ದೋಷ, ತಿದ್ದಿದರೆ ಹೋಗುತ್ತದೆ.

ಕನ್ನಡ ಲಿಪಿಯದೇ ಒಂದು ಮಡಿಕೆ ಇದೆ, ಶಿಕ್ಷಕರಿಗೆ ಬೋರ್ಡಿನ ಮೇಲೆ ಬರೆದು ತೋರಿಸಬೇಕು. "ಪ್ರೀತಿ"ಯಲ್ಲಿ ಗುಡಿಸು, ದೀರ್ಘ ಕೂತಿರುವುದು ಪ ಮೇಲೆ, ಆದರೆ "ಈ" ಸದ್ದು ಬರುವುದು ರ ಆದ ಮೇಲೆ. "ಸೂರ್ಯ"ದಲ್ಲಿ ರ್ ಸದ್ದು ಮೊದಲು, ಅರ್ಕಾವತ್ತು ಬರೆಯುವುದು ಯ ಆದ ಮೇಲೆ. ಕಣ್ಣು ನೋಡುವ ಕ್ರಮವೇ ಬೇರೆ, ಕಿವಿ ಕೇಳುವ ಕ್ರಮವೇ ಬೇರೆ. 3ನೇ ತರಗತಿಯಲ್ಲಿ ಈ ಎರಡು ಪದ ತಪ್ಪಿದರೆ ಗಾಬರಿ ಬೇಡ. 5ನೇ ತರಗತಿಯಲ್ಲೂ ಅಲ್ಲೇ ನಿಂತಿದ್ದರೆ ನೋಡಬೇಕು. ಬೆಂಗಳೂರಿನ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೂ ಇದನ್ನೇ: ಕನ್ನಡದ ಅಕ್ಷರಗಳನ್ನು ಪೂರ್ತಿ ಹಿಡಿಯಲು ನಾಲ್ಕನೇ ತರಗತಿಯವರೆಗೂ, ಅದರಾಚೆಗೂ ಸಮಯ ಹಿಡಿಯುತ್ತದೆ. ಇಂಗ್ಲಿಷಿನ 26 ಅಕ್ಷರದ ಲೆಕ್ಕದಲ್ಲಿ ನಮ್ಮ ಮಕ್ಕಳನ್ನು ಅಳೆಯಬಾರದು.

ಸಿಆರ್‌ಪಿ_ತುಮಕೂರು
ಸದ್ದುಗಳ ಅರಿವನ್ನು ಹೇಗೆ ಪರೀಕ್ಷಿಸುವುದು? ಎಲ್ಲ ಪುಸ್ತಕಗಳಲ್ಲೂ "ಕ್ಯಾಟ್" ಪದದಿಂದ "ಕ್" ತೆಗೆ ಅನ್ನುವ ಥರದ್ದೇ ಇದೆ.

ವಾಕ್_ಭಾಷೆ
ಕನ್ನಡದ ಮಕ್ಕಳಿಗೆ ಅಕ್ಷರದ ಮಟ್ಟದ ಸದ್ದು ಮೊದಲು ಒಲಿಯುತ್ತದೆ, ಅದನ್ನೂ ಒಡೆದ ಬಿಡಿ ಸದ್ದು ಬಹಳ ತಡ. ಆದ್ದರಿಂದ 1–2ನೇ ತರಗತಿಗೆ ಅಕ್ಷರ ಬಿಡುವ ಆಟ: "ಕಮಲ"ದಲ್ಲಿ "ಮ" ಬಿಟ್ಟರೆ? "ಬಾಗಿಲು" ಪದದಲ್ಲಿ "ಬಾ" ಬಿಟ್ಟರೆ? ಹತ್ತು ಪದ, ಎರಡು ಅಭ್ಯಾಸಕ್ಕೆ. ಪೂರ್ತಿ ಬಾಯಿಮಾತಿನಲ್ಲಿ, ಬರಹ ತೋರಿಸುವಂತಿಲ್ಲ. 3ನೇ ತರಗತಿಯಿಂದ ಸದ್ದು ಬದಲಿಸುವುದು: "ಕಾಡು" ಪದದ ಮೊದಲ "ಕ್" ತೆಗೆದು "ಮ್" ಇಟ್ಟರೆ "ಮಾಡು". ಒಂದನೇ ತರಗತಿಯ ಮಗುವಿಗೆ ಇದನ್ನು ಕೊಟ್ಟರೆ ಎಲ್ಲರೂ ಸೋಲುತ್ತಾರೆ, ಏನೂ ತಿಳಿಯುವುದಿಲ್ಲ.

ಇನ್ನೊಂದು, ಹೇಳಿದ್ದನ್ನು ಹೇಳುವುದು: ತಿಗೋಮೆ, ಪಲುದೆಸಿ, ಹೀಗೆ ಎರಡು ಅಕ್ಷರದಿಂದ ಐದು ಅಕ್ಷರದವರೆಗೆ. ಬಾಯಿ ಮುಚ್ಚಿಕೊಂಡು ಹೇಳಬೇಡಿ, ತುಟಿ ಕಾಣಲಿ. ಆಮೇಲೆ ಅದೇ ರೀತಿಯ ಬೇರೆ ಪದಗಳನ್ನು ಮಗುವಿನ ಬೆನ್ನ ಹಿಂದೆ ನಿಂತು ಹೇಳಿ. ಬೆನ್ನ ಹಿಂದೆ ನಿಂತಾಗ ತಟ್ಟನೆ ಕೆಟ್ಟರೆ ಮೊದಲು ಕಿವಿ ಪರೀಕ್ಷೆ. ನೆಗಡಿ, ಕಿವಿ ಸೋರುವ ಮಕ್ಕಳಲ್ಲಿ ಕೇಳುವಿಕೆ ಒಂದು ವಾರ ಇದ್ದಂತೆ ಇನ್ನೊಂದು ವಾರ ಇರುವುದಿಲ್ಲ.

ವೇಗವಾಗಿ ಹೆಸರಿಸುವುದನ್ನು ಮರೆಯಬೇಡಿ. ಐದು ಚಿತ್ರ: ಮರ, ಹಸು, ಕಾಲು, ಮನೆ, ಬೆಕ್ಕು. ಎಲ್ಲವೂ ಎರಡಕ್ಷರದ ಪದ. ಪ್ರತಿಯೊಂದು ಹತ್ತು ಸಲ ಬರುವಂತೆ ಕಲಸಿ, ಸಾಲಿಗೆ ಹತ್ತರಂತೆ ಐದು ಸಾಲು, ಒಟ್ಟು 50. ಹೆಸರು ಗೊತ್ತಿದೆಯೇ ಎಂದು ಮೊದಲು ಕೇಳಿ ಖಚಿತ ಮಾಡಿಕೊಂಡು, ಆಮೇಲೆ ಸೆಕೆಂಡು ಎಣಿಸಿ. ಸದ್ದಿನ ಆಟದಲ್ಲಿ ಚೆನ್ನಾಗಿದ್ದು ಇಲ್ಲಿ ಮಾತ್ರ ನಿಧಾನ ಇರುವ ಮಕ್ಕಳಿದ್ದಾರೆ. ಕನ್ನಡದಂಥ ಲಿಪಿಯಲ್ಲಿ ಓದಿನ ವೇಗಕ್ಕೆ ಇದು ಒಳ್ಳೆಯ ಸುಳಿವು.

ಬೀದರ್_ಮಾಸ್ತರ
ನಮ್ಮಲ್ಲಿ ಹಸು ಅನ್ನಂಗಿಲ್ರಿ, ಆಕಳು. ಮೂರಕ್ಷರ ಆಗ್ತದ. ಹಸು ತೆಗೆದು ಕಣ್ಣು ಹಾಕ್ರಿ.

ಇನ್ನೊಂದು. ನಮ್ಮ ಕಡೆ ಮನ್ಯಾಗ ಲಂಬಾಣಿ, ಉರ್ದು, ಮರಾಠಿ, ತೆಲುಗು. ಕರಾವಳಿಗೆ ಹೋದ್ರ ತುಳು, ಕೊಂಕಣಿ, ಬ್ಯಾರಿ. ಇಂಥ ಹುಡುಗ ಕನ್ನಡ ಓದದಿದ್ರ ಡಿಸ್ಲೆಕ್ಸಿಯಾ ಅನ್ನೂದಾ? ಮತ್ತ ಕಬ್ಬು ಕಡಿಯಾಕ ಗುಳೆ ಹೋದವರ ಮಕ್ಕಳು ಮೂರು–ನಾಲ್ಕು ತಿಂಗಳು ಸಾಲಿಗೇ ಬಂದಿರಂಗಿಲ್ಲ. ಹಾಜರಿ ಪುಸ್ತಕ ತೆಗೆದು ನೋಡದೆ ಹೆಸರು ಬರೀಬ್ಯಾಡ್ರಿ.

ಕಾಗುಣಿತ
ಮಾಸ್ತರು ಹೇಳಿದ್ದನ್ನು ಹಾಳೆಯ ಮೊದಲ ಸಾಲಿನಲ್ಲೇ ಮುದ್ರಿಸಬೇಕು: ಕಳೆದ ಎರಡು ವರ್ಷದ ಹಾಜರಾತಿ, ಮನೆಮಾತು, ಕಣ್ಣು–ಕಿವಿ ತಪಾಸಣೆಯ ದಿನಾಂಕ. ಕಣ್ಣು–ಕಿವಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೇ ಬರುತ್ತದೆ, ಆ ಮಕ್ಕಳ ಹೆಸರನ್ನು ಮೊದಲೇ ಕೊಟ್ಟಿರಿ.

ಬೇರೆ ಮನೆಮಾತಿನ ಮಗುವನ್ನು ಅದೇ ಮನೆಮಾತಿನ, ಅದೇ ತರಗತಿಯ ಇತರ ಮಕ್ಕಳೊಂದಿಗೆ ಹೋಲಿಸಿ. ಆರು ಜನ ಲಂಬಾಣಿ ಮಕ್ಕಳಲ್ಲಿ ಐವರು ಮುಂದೆ ಹೋಗಿ ಒಬ್ಬ ಹಿಂದೆ ಉಳಿದರೆ ಆ ಒಬ್ಬನನ್ನು ನೋಡಿ. ಕತೆ ಹೇಳುವುದು, ಅಕ್ಷರ ಬಿಡುವ ಆಟ, ಹೆಸರಿಸುವುದು ಮನೆಮಾತಿನಲ್ಲೇ ಆಗಲಿ, ಆ ಭಾಷೆ ಬಲ್ಲ ಅಡುಗೆಯವರೋ ಪೋಷಕರೋ ನೆರವಾಗಬಹುದು. ಮನೆಮಾತಿನಲ್ಲೂ ಸದ್ದಿನ ಆಟ ಬಾರದಿದ್ದರೆ ಅದು ಕನ್ನಡ ಹೊಸದಾದ್ದರಿಂದ ಬಂದ ತೊಂದರೆ ಅಲ್ಲ.

ಎರಡು_ಮಾಧ್ಯಮ
ಇಂಗ್ಲಿಷ್ ಮಾಧ್ಯಮದವರಿಗೂ ಒಂದು ಮಾತು ಸೇರಿಸಿ. ಡಿಸ್ಲೆಕ್ಸಿಯಾ ಮೊದಲು ಎದ್ದು ಕಾಣುವುದು ಇಂಗ್ಲಿಷಿನಲ್ಲೇ, ಯಾಕೆಂದರೆ ಅಲ್ಲಿ ಬರೆದಂತೆ ಓದಲಾಗದು. ಕನ್ನಡ ಚೆನ್ನಾಗಿ, ವೇಗವಾಗಿ ಓದಿ ಇಂಗ್ಲಿಷ್ ಮಾತ್ರ ಬಾರದ ಮಗುವಿಗೆ ಹೆಚ್ಚಾಗಿ ಇಂಗ್ಲಿಷ್ ಸರಿಯಾಗಿ ಕಲಿಸಿಲ್ಲ. ಎರಡರಲ್ಲೂ ಒದ್ದಾಡಿದರೆ ಅನುಮಾನ ಗಟ್ಟಿ. ಒಂದೇ ಭಾಷೆಯಲ್ಲಿ ಪರೀಕ್ಷೆ ಮಾಡಿ ಬರೆದ ವರದಿ ಅರ್ಧ ವರದಿ. ಅದೇ ರೀತಿ ಬೆಂಗಳೂರಿನ ಶಾಲೆಯಲ್ಲಿ ಕನ್ನಡ ಎರಡನೇ, ಮೂರನೇ ಭಾಷೆಯಾಗಿ ಇರುವ ಮಗುವನ್ನು ಕನ್ನಡ ಮಾಧ್ಯಮದ ಅಳತೆಗೋಲಿನಲ್ಲಿ ಅಳೆಯಬಾರದು.

ಪ್ರಮಾಣೀಕೃತ ಸಾಧನ ಬೇಕೆಂದರೆ ಮನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ಡಾಲಿ ಇದೆ, 2015ರಲ್ಲಿ ಬಂದದ್ದು. ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಇದೆ. 1–2ನೇ ತರಗತಿಗೆ ಒಂದು, 3ರಿಂದ 5ಕ್ಕೆ ಇನ್ನೊಂದು ಶಿಕ್ಷಕರ ಶೋಧನಾ ಪಟ್ಟಿ, ಅದರ ಮೇಲೆ ತಜ್ಞರು ಬಳಸುವ ಪರೀಕ್ಷಾ ಸರಣಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಕನ್ನಡದ್ದೇ ಓದಿನ ಪರೀಕ್ಷೆಗಳು ರೂಪುಗೊಂಡಿವೆ. ಇಂಗ್ಲಿಷ್ ಪರೀಕ್ಷೆಯನ್ನು ಕನ್ನಡಕ್ಕೆ ಅನುವಾದಿಸಿ ಕೊಡುವವರನ್ನು ಮಾತ್ರ ಕರೆಸಬೇಡಿ.

ಬಣ್ಣದ ಪ್ಲಾಸ್ಟಿಕ್ ಹಾಳೆ, ವಿಶೇಷ ಕನ್ನಡಕ ಮಾರುವವರೂ ತರಬೇತಿಗೆ ನುಗ್ಗುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರತಜ್ಞರ ಸಂಘಗಳು 2009ರಲ್ಲೇ ಜಂಟಿಯಾಗಿ ಇವಕ್ಕೆ ಆಧಾರವಿಲ್ಲ ಎಂದಿವೆ. ಕಣ್ಣು ಕಟ್ಟಿಕೊಂಡು ಓದಿಸುತ್ತೇವೆ ಅನ್ನುವವರ ವಿಷಯ ಬಿಡಿ.

ನಲಿಕಲಿ_ಟೀಚರ್
ಪಟ್ಟಿ ಮಾಡಿ ಕೂರುವುದಲ್ಲ, ಮುಂದೆ ಏನು ಅನ್ನುವುದು ಇಲ್ಲಿಯವರೆಗೆ ಬಂದಿಲ್ಲ. ಗುರುತಿಸುವುದರಲ್ಲೇ ಒಂದು ಭಾಗ ಕಲಿಸಿ ನೋಡುವುದು. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ–5 ಕೂಡ ನೆರವು ಕೊಟ್ಟ ಮೇಲೂ ಕನಿಷ್ಠ 6 ತಿಂಗಳು ತೊಂದರೆ ಉಳಿದಿರಬೇಕು ಅನ್ನುತ್ತದೆ.

ನಾಲ್ಕೈದು ಮಕ್ಕಳ ಗುಂಪು, ವಾರಕ್ಕೆ ನಾಲ್ಕು ದಿನ, ದಿನಕ್ಕೆ 30 ನಿಮಿಷ, ಹತ್ತು ವಾರ. ಒಂದು ದಿನದ 30 ನಿಮಿಷ ಹೀಗೆ ಹೋಗುತ್ತದೆ: 5 ನಿಮಿಷ ಹಿಂದೆ ಕಲಿತ ಅಕ್ಷರಗಳ ಕಾರ್ಡು, 5 ನಿಮಿಷ ಬಾಯಿಮಾತಿನ ಸದ್ದಿನ ಆಟ, 10 ನಿಮಿಷ ಹೊಸ ಚಿಹ್ನೆ ಮತ್ತು ಅದರ ಪದಗಳು, 5 ನಿಮಿಷ ಹೇಳಿಕೊಂಡು ಬರೆಯುವುದು, 5 ನಿಮಿಷ ಕಲಿತ ಅಕ್ಷರಗಳಷ್ಟೇ ಇರುವ ಸಾಲುಗಳ ಓದು. ಒಂದು ವಾರಕ್ಕೆ ಒಂದೇ ಗುಣಿತ ಚಿಹ್ನೆ. ಗುಡಿಸು ಕಲಿಸಿದ ವಾರವೇ ಗುಡಿಸಿನ ದೀರ್ಘ ತರಬೇಡಿ, ನಡುವೆ ಕೊಂಬು ಇಟ್ಟು ಆಮೇಲೆ ಬನ್ನಿ. ದೀರ್ಘಕ್ಕೆ ಕೈ ಚಾಚಿಸಿ, ಒತ್ತಿಗೆ ಮೇಜು ತಟ್ಟಿಸಿ: ಕತೆ ಅಂದರೆ ಎರಡು ತಟ್ಟು, ಕತ್ತೆ ಅಂದರೆ ಮೊದಲ ತಟ್ಟು ಹಿಡಿದು ನಿಲ್ಲಬೇಕು. "ಕ ತಲೆಕಟ್ಟು ಕ, ಕ ಇಳಿ ಕಾ" ಎಂಬ ಹಾಡು ಚೆನ್ನಾಗಿಯೇ ಇದೆ, ಆದರೆ ಹಾಡನ್ನು ಮೊದಲಿಂದ ಹೇಳದೆ ನಡುವಿನ "ಕೊ" ಗುರುತಿಸಲು ಬಾರದ ಮಗುವಿಗೆ ಹಾಡೇ ಊರುಗೋಲಾಗಿಬಿಟ್ಟಿರುತ್ತದೆ.

ಎರಡು ವಾರಕ್ಕೊಮ್ಮೆ ಒಂದು ನಿಮಿಷದ ಗದ್ಯ, ಪ್ರತಿ ಸಲ ಹೊಸದು, ಅಕ್ಷರ ಎಣಿಸಿ ಗ್ರಾಫ್ ಹಾಳೆಯಲ್ಲಿ ಚುಕ್ಕೆ. ಹತ್ತು ವಾರದಲ್ಲಿ ಐದು ಚುಕ್ಕೆ. ಗೆರೆ ಏರುತ್ತಿದ್ದರೆ ಮುಂದುವರಿಸಿ. ಗುಂಪಿನ ಉಳಿದವರ ಗೆರೆ ಏರಿ ಒಬ್ಬರದು ಮಾತ್ರ ಮಲಗಿದ್ದರೆ ಆ ಮಗುವನ್ನು ಕಳಿಸಬೇಕು.

ಸಿಆರ್‌ಪಿ_ತುಮಕೂರು
ಕಳಿಸುವುದು ಎಲ್ಲಿಗೆ, ಹೇಗೆ? ಮತ್ತೆ ಪ್ರಮಾಣಪತ್ರ?

ಎರಡು_ಮಾಧ್ಯಮ
ಮೊದಲು ನಿಮ್ಮ ಬ್ಲಾಕಿನ ಬಿಐಇಆರ್‌ಟಿಗೆ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರಿಗೆ. ಅವರಿಂದ ಜಿಲ್ಲಾಸ್ಪತ್ರೆಯ ಶೀಘ್ರ ಹಸ್ತಕ್ಷೇಪ ಕೇಂದ್ರಕ್ಕೆ, ಅಗತ್ಯ ಬಿದ್ದರೆ ನಿಮ್ಹಾನ್ಸ್ ಅಥವಾ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ.

1995ರ ಕಾಯ್ದೆಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಸೇರಿಸಿತು. ಅದರ 16ನೇ ಕಲಂ ಪ್ರಕಾರ ಮಕ್ಕಳಲ್ಲಿ ಇದನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾ ಕ್ರಮ ಕೈಗೊಳ್ಳುವುದು ಶಿಕ್ಷಣ ಸಂಸ್ಥೆಯ ಕರ್ತವ್ಯ. 2018ರ ಮಾರ್ಗಸೂಚಿಯಂತೆ 3ನೇ ತರಗತಿ ಅಥವಾ 8 ವರ್ಷದ ಹೊತ್ತಿಗೆ ಶಾಲೆಯಲ್ಲೇ ಶೋಧನೆ ಆಗಬೇಕು. ಬುದ್ಧಿಮತ್ತೆ ಪರೀಕ್ಷೆ, ಆಮೇಲೆ ನಿಮ್ಹಾನ್ಸ್ ಪರೀಕ್ಷಾ ಸರಣಿ. ಪ್ರಮಾಣಪತ್ರ 8 ವರ್ಷ ತುಂಬಿದ ಮೇಲೆ, 14ಕ್ಕೆ ಮತ್ತು 18ಕ್ಕೆ ಮರುಪರೀಕ್ಷೆ, 18ರ ಪತ್ರ ಜೀವನಪೂರ್ತಿ. 2024ರ ಮಾರ್ಚ್‌ನಲ್ಲಿ ಪರಿಷ್ಕೃತ ಮಾರ್ಗಸೂಚಿ ಬಂದಿರುವುದರಿಂದ ಅದರ ಪ್ರತಿ ತರಿಸಿಟ್ಟುಕೊಳ್ಳಿ. ಎಸ್‌ಎಸ್‌ಎಲ್‌ಸಿಯ ಹೆಚ್ಚುವರಿ ಸಮಯ, ಲಿಪಿಕಾರರ ನೆರವಿಗೆ ಮಂಡಳಿಯ ಆಯಾ ವರ್ಷದ ಸುತ್ತೋಲೆಯಂತೆ ಅರ್ಜಿ ಹಾಕಬೇಕು. ಹತ್ತನೇ ತರಗತಿಯ ಜನವರಿಯಲ್ಲಿ ಓಡಾಡಿದರೆ ಆಗುವ ಕೆಲಸವಲ್ಲ.

8 ವರ್ಷ ಅನ್ನುವುದು ಪತ್ರಕ್ಕೆ ಮಾತ್ರ. ಕಲಿಸಲು ಪತ್ರ ಬೇಡ. "ಮೂರನೇ ಕ್ಲಾಸಿಗೆ ಬರಲಿ ನೋಡೋಣ" ಎಂದು ಎರಡು ವರ್ಷ ಸುಮ್ಮನಿರುವುದು ಈ ನಿಯಮವನ್ನು ಅಪಾರ್ಥ ಮಾಡಿಕೊಂಡಿದ್ದರಿಂದ. ಮನೆಯಲ್ಲಿ ಅಪ್ಪನಿಗೋ ಅಕ್ಕನಿಗೋ ಇದೇ ತೊಂದರೆ ಇತ್ತು ಅಂತ ತಿಳಿದರೆ ಒಂದನೇ ತರಗತಿಯಿಂದಲೇ ಆ ಮಗುವನ್ನು ಗುಂಪಿಗೆ ಸೇರಿಸಿ, ಇದು ವಂಶದಲ್ಲಿ ಹರಿದು ಬರುತ್ತದೆ.

ಕಾಗುಣಿತ
ಕಳಿಸುವ ಪತ್ರದಲ್ಲಿ ಶಿಕ್ಷಕರು "ಡಿಸ್ಲೆಕ್ಸಿಯಾ ಇದೆ" ಎಂದು ಬರೆಯಬಾರದು, ಅದು ಅವರ ಅಧಿಕಾರವಲ್ಲ. ಕಂಡದ್ದನ್ನು ಬರೆಯಲಿ. ಮಾದರಿ: "4ನೇ ತರಗತಿ. ಹಾಜರಾತಿ ಶೇ. 92. ಕಣ್ಣು, ಕಿವಿ ತಪಾಸಣೆ ಆಗಿದೆ, ತೊಂದರೆ ಇಲ್ಲ. ಹೊಸ ಗದ್ಯ ನಿಮಿಷಕ್ಕೆ 38 ಅಕ್ಷರ, ತರಗತಿಯ ನಡುವಿನ ಅಂಕ 110. ಅರ್ಥವಿಲ್ಲದ ಪದ 20ಕ್ಕೆ 5. ಕೇಳಿದ ಕತೆಗೆ 5ಕ್ಕೆ 5 ಉತ್ತರ. ಹತ್ತು ವಾರದ ಗುಂಪು ಬೋಧನೆಯ ನಂತರ ನಿಮಿಷಕ್ಕೆ 44." ಅಂಕಿಗಳು ಮಾದರಿಗೆ ಮಾತ್ರ. ಜೊತೆಗೆ ಉಕ್ತಲೇಖನದ ಹಾಳೆ, ಗ್ರಾಫ್. ಇಂಥ ಪತ್ರ ಕೈಗೆ ಸಿಕ್ಕರೆ ತಜ್ಞರ ಅರ್ಧ ಕೆಲಸ ಮುಗಿದಿರುತ್ತದೆ.

ತಾಯಂದಿರ ಜೊತೆ ಮಾತಾಡುವುದನ್ನೂ ಅಭ್ಯಾಸ ಮಾಡಿಸಿ. "ನಿಮ್ಮ ಮಗನಿಗೆ ಪ್ರಾಬ್ಲಂ ಇದೆ" ಎಂದು ಶುರುಮಾಡಿದರೆ ಮುಂದಿನದು ಕಿವಿಗೆ ಬೀಳುವುದಿಲ್ಲ. "ನೋಡಿಯಮ್ಮಾ, ಕತೆ ಕೇಳಿದರೆ ಇವನಿಗೆ ಎಲ್ಲ ಅರ್ಥ ಆಗುತ್ತೆ, ಲೆಕ್ಕ ಬಾಯಲ್ಲೇ ಹೇಳ್ತಾನೆ. ಓದೋದು ಮಾತ್ರ ನಿಧಾನ. ಯಾಕೆ ಅಂತ ತಿಳ್ಕೊಳ್ಳೋಕೆ ಒಂದು ಪರೀಕ್ಷೆ ಮಾಡ್ಸೋಣ" ಅಂದರೆ ಸಾಕು. ಹೊಡೆಯಬೇಡಿ, ಹತ್ತು ಸಲ ಬರೆಸಬೇಡಿ ಅನ್ನುವುದನ್ನು ಅದೇ ಉಸಿರಿನಲ್ಲಿ ಹೇಳಿ.

ಸಿಆರ್‌ಪಿ_ತುಮಕೂರು
ಕರಡು ಬದಲಾಯಿಸಿದೆ. ಮೊದಲ ದಿನ ಬೆಳಿಗ್ಗೆ ಕನ್ನಡ ಲಿಪಿ ಮತ್ತು ಓದು, ಮಧ್ಯಾಹ್ನ ಹಾಳೆ ಬಳಸುವುದು, ತಪ್ಪು ವಿಂಗಡಣೆ. ಎರಡನೇ ದಿನ ಬೆಳಿಗ್ಗೆ ಪಕ್ಕದ ಶಾಲೆಯಲ್ಲಿ ಮಕ್ಕಳನ್ನು ಓದಿಸುವುದು, ಮಧ್ಯಾಹ್ನ 30 ನಿಮಿಷದ ಪಾಠದ ಅಭ್ಯಾಸ, ಪತ್ರ ಬರೆಯುವುದು. ಸಿನಿಮಾ ಇಲ್ಲ.

ವಾಕ್_ಭಾಷೆ
ಸಾಲದು. ಎರಡು ದಿನ ಒಟ್ಟಿಗೆ ಬೇಡ. ಮೊದಲ ದಿನ ಆದ ಮೇಲೆ ಆರು ವಾರ ಬಿಡಿ. ಅಷ್ಟರಲ್ಲಿ ಪ್ರತಿ ಶಿಕ್ಷಕರು ಮೂರು ಮಕ್ಕಳನ್ನು ಓದಿಸಿ ಹಾಳೆ ತುಂಬಿ ತರಲಿ, ಎರಡನೇ ದಿನ ಆ ಹಾಳೆಗಳ ಮೇಲೇ ನಡೆಯಲಿ. ಇಲ್ಲದಿದ್ದರೆ ಕಿಟ್ ಬೀರುವಿಗೆ ಸೇರುತ್ತದೆ.

ಮೊದಲ ದಿನ ಮಧ್ಯಾಹ್ನ ಒಂದು ಗಂಟೆ ಕೇವಲ ಕೇಳುವುದಕ್ಕೆ ಇಡಿ. ಪೋಷಕರ ಒಪ್ಪಿಗೆ ಪಡೆದು, ಹೆಸರು ತೆಗೆದ ಒಂದೊಂದು ನಿಮಿಷದ ಮೂರು ಓದಿನ ಧ್ವನಿಮುದ್ರಣ: ಒಂದು ಸರಾಗ, ಒಂದು ನಿಧಾನ ಆದರೆ ಸರಿ, ಒಂದು ವೇಗ ಆದರೆ ಊಹೆ. ಎಲ್ಲರೂ ಬೇರೆ ಬೇರೆ ಗುರುತು ಹಾಕಲಿ. ಸರಿ ಇದ್ದರೆ ಏನೂ ಬೇಡ, ತಪ್ಪಿದ್ದರೆ ಮಗು ಅಂದದ್ದನ್ನೇ ಅಕ್ಷರದ ಮೇಲೆ ಬರೆಯುವುದು, ತಾನೇ ತಿದ್ದಿಕೊಂಡರೆ "ಸ್ವ", ಮೂರು ಸೆಕೆಂಡು ನಿಂತರೆ ಒಂದು ಗೆರೆ. ಆಮೇಲೆ ಇಬ್ಬಿಬ್ಬರು ಹಾಳೆ ಹೋಲಿಸಲಿ. 100 ಅಕ್ಷರಕ್ಕೆ 90ರಲ್ಲಿ ಇಬ್ಬರ ಗುರುತೂ ಒಂದೇ ಆಗುವವರೆಗೆ ಮತ್ತೆ ಕೇಳಬೇಕು. ಮೊದಲ ಸುತ್ತಿನಲ್ಲಿ ಆಗುವುದೇ ಇಲ್ಲ. ಅನುಭವಿ ಶಿಕ್ಷಕರ ಕಿವಿ ಮಗು ಅಂದದ್ದನ್ನು ತಾನೇ ತಿದ್ದಿಕೊಂಡು ಕೇಳುತ್ತದೆ, "ಪುತಕ" ಅಂದರೂ "ಪುಸ್ತಕ" ಕೇಳಿಸುತ್ತದೆ.

ಬೀದರ್_ಮಾಸ್ತರ
ಓದಿಸೋವಾಗ ನಡುವ ಹೇಳಿಕೊಡೋ ಚಟ ಬಿಡಿಸೋದು ಅದಕ್ಕಿಂತ ಕಷ್ಟರಿ. ಬಾಯಾಗ ಅಡಕಿ ಇಟ್ಕೊಂಡು ಕೂಡ್ರಾಕ ಹೇಳ್ರಿ.

ಸಿಆರ್‌ಪಿ_ತುಮಕೂರು
ಬರೆದುಕೊಂಡೆ. ಹಾಳೆಯ ಅಕ್ಷರದ ಗಾತ್ರ ಎಷ್ಟಿರಲಿ?

ನಲಿಕಲಿ_ಟೀಚರ್
3ನೇ ತರಗತಿವರೆಗೆ 24 ಪಾಯಿಂಟ್, ಮುಂದಕ್ಕೆ 18. ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಜೆರಾಕ್ಸ್‌ನ ಜೆರಾಕ್ಸ್ ಬೇಡ. ಮೂರನೇ ಪ್ರತಿಯಲ್ಲಿ ಧ ಕೆಳಗಿನ ಗೀಟು ಅಳಿಸಿಹೋಗಿ ದ ಆಗಿರುತ್ತದೆ, ಮಗು ಸರಿಯಾಗಿ ಓದಿದರೂ ತಪ್ಪು ಗುರುತು ಬೀಳುತ್ತದೆ.